ಹೊಳ್ಳಿ ಬರುವ ಎಳೆ

ಎಳೆನೋಟ ಯಂತ್ರ ಸರಕಾರಿ ದವಾಖಾನೆಗಳಿಗೆ ಬಂದ ಮೇಲೆ ಧಾರವಾಡದ ಜನ ಎದುರುಬದುರಾದಾಗ ಸಕ್ಕರೆ ಎಷ್ಟು, ಬಿಪಿ ಎಷ್ಟು ಎಂದು ಕೇಳುವುದರ ಜೊತೆಗೆ ಬಣ್ಣ ಯಾವುದು ಎಂದೂ ಕೇಳತೊಡಗಿದರು. ಯಂತ್ರದೊಳಗೆ ತಲೆಯಿಟ್ಟು ಒಂದಿಷ್ಟು ಹೊತ್ತು ಸುಮ್ಮನೆ ಮಲಗಿದರೆ ಸಾಕು, ಮಿದುಳಿನ ಯಾವ ಭಾಗ ಯಾವ ಭಾಗದೊಡನೆ ಮಾತಾಡುತ್ತಿದೆ, ಯಾವುದು ಮಾತು ಬಿಟ್ಟಿದೆ ಎಂಬುದು ಎಳೆಎಳೆಯಾಗಿ ತೆರೆಯ ಮೇಲೆ ಮೂಡುತ್ತಿತ್ತು. ಎಳೆಗಳು ದಟ್ಟವಾಗಿದ್ದರೆ ಹಸಿರು ಚೀಟಿ, ತೆಳುವಾಗುತ್ತಿದ್ದರೆ ಹಳದಿ, ಹರಿದುಹೋಗಿದ್ದರೆ ಕೆಂಪು. ಮರೆವಿನ ರೋಗ ಮನೆಗೆ ಬರುವ ಎಷ್ಟೋ ವರ್ಷ ಮೊದಲೇ ಅದರ ಹೆಜ್ಜೆ ಸಪ್ಪಳ ಕೇಳುವಂತಾಯಿತು. ಬಾಗಿಲು ಹಾಕಿಕೊಳ್ಳುವುದು ಹೇಗೆಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಹೆಣ್ಣು ನೋಡಲು ಬಂದವರು ಹುಡುಗಿಯ ತಾಯಿಯ ಬಣ್ಣ ವಿಚಾರಿಸುವುದು ಶುರುವಾಯಿತು. ಹಳದಿ ಚೀಟಿ ಸಿಕ್ಕವರು ಅದನ್ನು ಯಾರಿಗೂ ಕಾಣದಂತೆ ಬಚ್ಚಿಟ್ಟು, ಎಲ್ಲಿಟ್ಟೆವೆಂದು ಮರೆತು, ಮನೆಯೆಲ್ಲ ಹುಡುಕುತ್ತಿದ್ದರು.

ರಾಚವ್ವ ಟೀಚರ್ ತಮ್ಮ ಹಳದಿ ಚೀಟಿಯನ್ನು ಅಡಿಗೆಮನೆಯ ಗೋಡೆಗೆ ಅಂಟಿಸಿದ್ದರು. ಹೆಣ್ಣುಮಕ್ಕಳ ಶಾಲೆಯಲ್ಲಿ ವರ್ಷಾನುಗಟ್ಟಲೆ ಹೊಲಿಗೆ, ಕಸೂತಿ ಕಲಿಸಿ ನಿವೃತ್ತರಾದವರು. "ಅರಿಷಿಣ ಬಣ್ಣ ಶುಭ" ಎಂದು ಬಂದವರಿಗೆಲ್ಲ ತೋರಿಸಿ ನಗುತ್ತಿದ್ದರು. ನಗದೆ ಇದ್ದವಳು ಸೊಸೆ ನೀಲಾಂಬಿಕಾ. ಅವಳ ಕೆಲಸವೇ ಮಿದುಳಿನದು. ಊರ ಹೊರಗಿನ ಸಂಶೋಧನಾ ಕೇಂದ್ರದಲ್ಲಿ, ಮರೆವಿನ ರೋಗ ಬರುವಂತೆ ತಳಿ ಮಾಡಿದ ಇಲಿಗಳ ಮೇಲೆ ಅವಳು ಪ್ರಯೋಗ ನಡೆಸುತ್ತಿದ್ದಳು. ಕಳೆದ ಪರೀಕ್ಷೆಯಲ್ಲಿ ಅತ್ತೆಯ ಹಳದಿ ಎಷ್ಟು ಕೆಂಪಿನತ್ತ ವಾಲಿದೆ ಎಂಬುದು ಮನೆಯಲ್ಲಿ ಅವಳೊಬ್ಬಳಿಗೇ ಸರಿಯಾಗಿ ಅರ್ಥವಾಗಿತ್ತು.

ನೀಲಾ ನಂಜನಗೂಡಿನವಳು. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಸೊಸೆಯರ ಕನ್ನಡ ಒಂದಕ್ಕೊಂದು ತಾಕಿ ಸಿಡಿಯುತ್ತಿತ್ತು. "ನಿಮ್ಮ ಮೈಸೂರ ಕಡೆ ಮಾತು ಅಂದ್ರ ಹಾಲಿಗೆ ನೀರ ಬೆರಸಿಧಂಗ" ಎಂದು ರಾಚವ್ವ ಛೇಡಿಸುವರು. "ನಿಮ್ಮದು ಖಾರದ ಪುಡಿ ಅತ್ತೆ, ಕಣ್ಣಲ್ಲಿ ನೀರು ಬರತ್ತೆ" ಎಂದು ಅವಳೂ ಬಿಡುತ್ತಿರಲಿಲ್ಲ. ಗಂಡ ಸಂಗಮೇಶ ರೈಲ್ವೆಯ ಕೆಲಸಕ್ಕೆಂದು ಬೆಳಿಗ್ಗೆಯೇ ಹುಬ್ಬಳ್ಳಿಗೆ ಹೊರಟುಬಿಡುತ್ತಿದ್ದರಿಂದ ಈ ಜಗಳಕ್ಕೆ ತೀರ್ಪುಗಾರರೂ ಇರಲಿಲ್ಲ. ಈಗೀಗ ರಾಚವ್ವ ಮಾತಿನ ನಡುವೆ ನಿಂತುಬಿಡುತ್ತಿದ್ದರು. ಒಮ್ಮೊಮ್ಮೆ ಸೊಸೆಯನ್ನು ಹಳೆಯ ವಿದ್ಯಾರ್ಥಿನಿ ಎಂದುಕೊಂಡು "ಯಾವ ಓಣ್ಯಾಕಿ ನೀ?" ಎಂದು ಕೇಳುತ್ತಿದ್ದರು.

ಕೇಂದ್ರದಲ್ಲಿ ತಯಾರಾಗುತ್ತಿದ್ದ ಸಾಧನದ ಮೇಲೆ ನೀಲಾಳ ಆಸೆಯೆಲ್ಲ ನಿಂತಿತ್ತು. ಅದಕ್ಕೊಂದು ಉದ್ದನೆಯ ಹೆಸರಿತ್ತು. ಆದರೆ ಇಲಿಯ ತಲೆಗೆ ಅದನ್ನು ತೊಡಿಸಿದ ಮೊದಲ ದಿನ, ಅದನ್ನು ಕಟ್ಟಿದ ಎಂಜಿನಿಯರ್ ಫಿರೋಜ್ ಮುಲ್ಲಾ, "ಎಳೇ ಕೂಸಿಗೆ ಕುಂಚಿಗಿ ಹಾಕಿಧಂಗ ಕಾಣತೈತಿ ನೋಡ್ರಿ ಮೇಡಂ" ಎಂದಿದ್ದ. ಅಂದಿನಿಂದ ಎಲ್ಲರಿಗೂ ಅದು ಕುಂಚಿಗೆಯೇ.

ಕುಂಚಿಗೆಯ ಕೆಲಸ ಹೀಗೆ. ಇಲಿ ಸುತ್ತುಬಳಸಿನ ದಾರಿಯೊಂದರಲ್ಲಿ ಓಡುವಾಗ ಅದರ ಮಿದುಳಿನ ಒಂದು ಮೂಲೆಯ ಜೀವಕೋಶಗಳು ಒಂದಾದ ಮೇಲೊಂದು ಮಿನುಗುತ್ತವೆ; ಈ ತಿರುವಿಗೆ ಒಂದು, ಆ ತಿರುವಿಗೆ ಇನ್ನೊಂದು. ಆಮೇಲೆ ಇಲಿ ಸುಮ್ಮನೆ ಕೂತಾಗ ಅದೇ ಸಾಲು ರೆಪ್ಪೆ ಬಡಿಯುವಷ್ಟರಲ್ಲಿ ಮತ್ತೆ ಮಿನುಗುತ್ತದೆ, ಓದಿದ ಪಾಠವನ್ನು ಮಗು ಮನಸ್ಸಿನಲ್ಲೇ ಹೇಳಿಕೊಂಡ ಹಾಗೆ. ರೋಗದ ಇಲಿಗಳಲ್ಲಿ ಈ ಸಾಲು ನಡುವೆಯೇ ಕಡಿದುಹೋಗುತ್ತದೆ. ಕುಂಚಿಗೆ ಅದನ್ನು ಕಾಯುತ್ತಿದ್ದು, ಸಾಲು ಎಲ್ಲಿ ನಿಂತಿತೋ ಅಲ್ಲಿನ ಮುಂದಿನ ಕೋಶಗಳನ್ನು ಕೂದಲೆಳೆಯಂಥ ಬೆಳಕಿನ ತಂತಿಯಿಂದ ತಟ್ಟಿ ಎಬ್ಬಿಸುತ್ತದೆ. ಮನುಷ್ಯರಿಗೆ ತಂತಿ ಬೇಕಿರಲಿಲ್ಲ. ಕಿವಿಗೆ ಕೇಳಿಸದ ಧ್ವನಿಯಿಂದ ತಲೆಯ ಹೊರಗಿನಿಂದಲೇ ಅದೇ ಕೆಲಸ ಮಾಡಬಲ್ಲ ದೊಡ್ಡ ಕುಂಚಿಗೆಯೂ ಸಿದ್ಧವಾಗಿತ್ತು. ಆದರೆ ಇಲಿಗಳಲ್ಲಿ ಗುಣ ಕಾಣದ ಹೊರತು ಮನುಷ್ಯರಿಗೆ ತೊಡಿಸುವಂತಿಲ್ಲ, ತೊಡಿಸಿದರೂ ಹಳದಿ ಚೀಟಿಯವರಿಗೆ ಮಾತ್ರ. ದಸರೆಯ ಮುಂಚೆ ಸಮಿತಿ ಕೂತು ತೀರ್ಮಾನಿಸುವುದಿತ್ತು. ಈ ಸಲ ಬೇಡವೆಂದರೆ ಮುಂದಿನ ವರ್ಷ. ಮುಂದಿನ ವರ್ಷದ ಹೊತ್ತಿಗೆ ರಾಚವ್ವನ ಚೀಟಿ ಕೆಂಪಾಗಿರುತ್ತದೆ.

"ಮತ್ತ ನಿಂತೈತಿ ನೋಡ್ರಿ" ಎಂದ ಫಿರೋಜ್.

ತೆರೆಯ ಮೇಲೆ ಅವನು 'ಗೌಡ್ರು' ಎಂದು ಹೆಸರಿಟ್ಟಿದ್ದ ಇಲಿ, ತಲೆಯೆತ್ತಿ ಗತ್ತಿನಿಂದ ನಡೆದು, ಮೂರನೆಯ ತಿರುವಿನಲ್ಲಿ ನಿಂತುಬಿಟ್ಟಿತ್ತು. ಅತ್ತ ಮೂಸಿತು, ಇತ್ತ ಮೂಸಿತು. ಕೊನೆಗೆ ಗೋಡೆಗೆ ಮೈ ಒತ್ತಿಕೊಂಡು ಕೂತಿತು.

"ನಿನ್ನೆ ಕುಂಚಿಗೆ ಹಾಕಿದ್ದಾಗ ಸರಾಗವಾಗಿ ಹೋಗಿತ್ತಲ್ಲ."

"ಹಾಕಿದಾಗ ಹೋಕ್ಕಾವ್ರಿ ಎಲ್ಲಾನೂ. ಬಂದ್ ಮಾಡಿದ ಕೂಡ್ಲೆ ಹಿಂಗ. ಊರಾಕ ಬಡಿಗಿ ಕೊಟ್ರ ನಡೀತಾವ, ಬಡಿಗಿ ಕಸಗೊಂಡ್ರ ಕುಂಡರತಾವ. ನಾವು ಇವಕ್ಕ ನೆನಪ ಕೊಟ್ಟಿಲ್ರಿ ಮೇಡಂ, ಬಡಿಗಿ ಕೊಟ್ಟೇವಿ."

ಎಳೆನೋಟದ ನಕ್ಷೆಯೂ ಅದನ್ನೇ ಹೇಳುತ್ತಿತ್ತು. ಚಿಕಿತ್ಸೆಯಾದ ಇಲಿಗಳಲ್ಲಿ ಎಳೆಗಳು ಮೂಡುತ್ತಿದ್ದವು, ಆದರೆ ತುಂಡು ತುಂಡಾಗಿ. ನಡುವೆ ಖಾಲಿ. ಸಾಧನ ನಿಂತರೆ ಆ ತುಂಡುಗಳೂ ಒಂದೊಂದಾಗಿ ಮಸುಕಾಗುತ್ತಿದ್ದವು.

ಇನ್ನೊಂದು ಇಲಿಯನ್ನು ಬಿಟ್ಟರು. ಕುಂಚಿಗೆ ತೊಟ್ಟಿದ್ದ ಅದು ಗುರಿ ಮುಟ್ಟಿತು. ಅಲ್ಲಿಟ್ಟಿದ್ದ ಸಕ್ಕರೆ ನೀರಿನ ಹನಿಗೆ ನಾಲಗೆ ಚಾಚಿದ ಕೂಡಲೇ ನೀಲಾ ಕೈ ಹಾಕಿ ಅದನ್ನು ಎತ್ತಿ ಪಂಜರಕ್ಕೆ ಬಿಟ್ಟು, ನೆಲವನ್ನು ಸ್ಪಿರಿಟ್‌ನಿಂದ ಒರೆಸಿದಳು. ಇಲಿ ಅಲ್ಲೇ ಕೂತರೆ ಉಚ್ಚೆ ಹೊಯ್ಯುತ್ತದೆ, ಆ ವಾಸನೆ ಹಿಡಿದು ಮುಂದಿನ ಇಲಿ ದಾರಿ ಕಂಡುಕೊಳ್ಳುತ್ತದೆ, ಲೆಕ್ಕ ಕೆಡುತ್ತದೆ. ಆದ್ದರಿಂದ ಮುಟ್ಟಿದ್ದೇ ತಡ ಎತ್ತಬೇಕು. ನಿಯಮ ಅವಳದೇ. ಹೊಸಬರಿಗೆ ಅವಳು ಮೊದಲು ಕಲಿಸುತ್ತಿದ್ದದ್ದೂ ಅದನ್ನೇ.

ಅದು ಶನಿವಾರ. ಮರುದಿನ ಮಧ್ಯಾಹ್ನ ಮನೆಯಲ್ಲಿ ಅವಳ ಕಣ್ಣು ಅತ್ತೆಯ ಕಸೂತಿ ಬಟ್ಟೆಯ ಮೇಲೆ ಬಿತ್ತು. ಎದುರುಮನೆಯ ಕೂಸಿಗೆಂದು ರಾಚವ್ವ ಒಂದು ಕುಂಚಿಗೆ ಹೊಲಿಯಲು ಹಿಡಿದಿದ್ದರು; ನಿಜವಾದ ಕುಂಚಿಗೆ, ತಲೆ ಬೆನ್ನು ಮುಚ್ಚುವಂಥದ್ದು. ಹಿಡಿದಾಗ ಕೂಸು ತೊಟ್ಟಿಲಲ್ಲಿತ್ತು, ಈಗ ಗೋಡೆ ಹಿಡಿದು ನಡೆಯುತ್ತಿತ್ತು. ಕಪ್ಪು ಬಟ್ಟೆಯ ಮೇಲೆ ಕೆಂಪು, ಹಸಿರು, ಹಳದಿ ಎಳೆಗಳ ಚುಕ್ಕೆಗಳೇ ಚುಕ್ಕೆಗಳು. ಒಂದು ಗೆರೆಯೂ ಕೂಡಿರಲಿಲ್ಲ. ಪ್ರತಿ ಸಾಲಿನ ಕೊನೆಗೂ ಒಂದು ದಾರ ಜೋತಾಡುತ್ತಿತ್ತು. ಕೈ ಕೂಡ ಮರೆಯುತ್ತಿದೆ ಎಂದುಕೊಂಡಳು ನೀಲಾ. ಉಂಡು ಮಲಗಿದ್ದ ಅತ್ತೆ ಏಳುವುದರೊಳಗೆ ಇಷ್ಟಾದರೂ ನೆಟ್ಟಗೆ ಮಾಡೋಣವೆಂದು ಅವಳು ಸೂಜಿ ತಗೊಂಡು ಪ್ರತಿ ದಾರಕ್ಕೂ ಒಂದೊಂದು ಗಂಟು ಹಾಕಿ, ಉಳಿದದ್ದನ್ನು ಅಚ್ಚುಕಟ್ಟಾಗಿ ಕತ್ತರಿಸಿ, ಬಟ್ಟೆ ಮಡಚಿಟ್ಟಳು.

ಚಹಾದ ಹೊತ್ತಿಗೆ ಪಡಸಾಲೆಯಿಂದ ಕೂಗು ಕೇಳಿಸಿತು.

"ಯಾರ ಇದಕ್ಕ ಗಂಟ ಹಾಕ್ದಾರ?"

"ನಾನೇ ಅತ್ತೆ. ದಾರ ಬಿಚ್ಚಿಹೋಗ್ತಿತ್ತು. ಅದಕ್ಕೇ ಗಂಟು ಹಾಕಿ ಕತ್ತರಿಸಿದೆ."

"ಕಡದಿ? ಯವ್ವಾ ನನ ಶಿವನ! ಕಸೂತಿಗೆ ಯಾರರ ಗಂಟ ಹಾಕ್ತಾರೇನ? ನಾ ಇನ್ನೂ ಹೊಳ್ಳಿ ಬಂದಿಲ್ಲ. ನೀ ಗಂಟ ಹಾಕಿ ಎಳೀನ ಕಡದ ಕುಂತ್ರ ನಾ ಹೆಂಗ ಹೊಳ್ಳಿ ಬರ್ಲಿ?"

ನೀಲಾ ಗಾಬರಿಯಿಂದ ಅತ್ತೆಯ ಪಕ್ಕ ಕೂತಳು. "ನೀವೆಲ್ಲಿಗೂ ಹೋಗಿಲ್ಲ ಅತ್ತೆ. ಇಲ್ಲೇ ಮನೇಲೇ ಇದೀರಿ."

ರಾಚವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ನಾ ಮನ್ಯಾಗ ಇರೂದು ನನಗ ಗೊತ್ತೈತಿ. ಸೂಜಿ ಮಾತ ಹೇಳಾಕತ್ತೀನಿ. ಅಷ್ಟೂ ತಿಳೀವಲ್ದು, ಇಲಿಗೆ ಬುದ್ಧಿ ಕಲಸಾಕ ಹೋಕ್ಕಾಳ." ಹೊಸ ಎಳೆ ಪೋಣಿಸಿ, ಬಟ್ಟೆಯನ್ನು ಸೊಸೆಯ ಕಣ್ಣೆದುರು ಹಿಡಿದರು. ದನಿ ತರಗತಿಯದಾಯಿತು. "ನೋಡಿಲ್ಲೆ. ಇದು ಗವಂತಿ ಹೊಲಿಗಿ. ಹೋಗುವಾಗ ಒಂದ ಮನಿ ತುಂಬೂದು, ಒಂದ ಮನಿ ಬಿಡೂದು. ತುದಿ ಮುಟ್ಟಿದಿ. ಮುಟ್ಟಿದ ಮ್ಯಾಲ ಮುಗೀಲಿಲ್ಲ. ಅದ ದಾರೀಲೆ ಹೊಳ್ಳಿ ಬರಬೇಕು, ಬಿಟ್ಟ ಮನಿ ತುಂಬಕೋತ. ಅವಾಗ ಗೆರಿ ಆಗತೈತಿ, ಹಿಂದೂ ಮುಂದೂ ಒಂದ ಥರ. ಬರೇ ಹೋದ್ರ ಬರೇ ಚುಕ್ಕಿ. ಹೊಳ್ಳಿ ಬರಾಕ ಎಳಿ ಬೇಕಲ್ಲ, ಅದಕ್ಕ ಬಿಟ್ಟಿದ್ನಿ."

ತುದಿಯವರೆಗೆ ಹೋದ ಸೂಜಿ ಅಲ್ಲಿ ನಿಂತಿತು. ರಾಚವ್ವ ಅದನ್ನು ನೋಡುತ್ತ ಕೂತರು. "ಇಲ್ಲಿಂದ..." ಎಂದರು. ಮತ್ತೊಮ್ಮೆ, "ಇಲ್ಲಿಂದ..." ಆಮೇಲೆ ಬಟ್ಟೆಯನ್ನು ತೊಡೆಯ ಮೇಲಿಟ್ಟು ಕಿಟಕಿಯತ್ತ ತಿರುಗಿದರು.

ಸಂಜೆ ಅವರು ಬಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡು ಬೆರಳಿಂದ ತಡವಿ, "ಇದಕ್ಕ ಯಾರ ಗಂಟ ಹಾಕ್ದಾರ?" ಎಂದು ಕೇಳಿದರು. ಊಟದ ಮುಂಚೆ ಇನ್ನೊಮ್ಮೆ. ಎರಡೂ ಸಲ ನೀಲಾ "ನಾನೇ" ಎಂದಳು. ಎರಡೂ ಸಲ ರಾಚವ್ವ ಪರವೂರಿನವರ ಜೊತೆ ಮಾತಾಡುವ ಮರ್ಯಾದೆಯಿಂದ "ಹೌದೇನ್ರಿ" ಎಂದರು. ಮಧ್ಯಾಹ್ನದ ಬೈಗುಳವೇ ಎಷ್ಟೋ ಚೆನ್ನಾಗಿತ್ತು ಎನಿಸಿತು ನೀಲಾಳಿಗೆ.

ಸೋಮವಾರ ಕುಂಚಿಗೆ ತೊಟ್ಟ ಇಲಿಯೊಂದು ಗುರಿ ಮುಟ್ಟಿತು. ಸಕ್ಕರೆ ನೀರಿಗೆ ನಾಲಗೆ ಚಾಚಿತು. ನೀಲಾಳ ಕೈ ಎಂದಿನಂತೆ ಇಳಿದು, ಇಲಿಯ ಬೆನ್ನ ಮೇಲೆ ಗಾಳಿಯಲ್ಲೇ ನಿಂತಿತು.

"ಎತ್ರಿ ಮೇಡಂ, ಈಗ ಉಚ್ಚಿ ಹೊಯ್ತೈತಿ ಅದು."

"ಹೊಯ್ಯಲಿ" ಎಂದಳು ನೀಲಾ. "ಫಿರೋಜ್, ನಾನು ಇಷ್ಟು ದಿನ ಗಂಟು ಹಾಕ್ತಿದ್ದೆ ಕಣ್ರಿ."

ಅವನಿಗೆ ಅರ್ಥವಾಗಲಿಲ್ಲ. ಅವಳು ನಿನ್ನೆಯ ಕಥೆ ಹೇಳಿದಳು. ಗುರಿ ಮುಟ್ಟಿ ತಿನ್ನುತ್ತ ನಿಂತ ಇಲಿಯ ಮಿದುಳಿನಲ್ಲಿ ನಡೆದ ದಾರಿ ಕೊನೆಯಿಂದ ಮೊದಲಿಗೆ, ಹಿಮ್ಮುಖವಾಗಿ ಮಿನುಗುತ್ತದೆ ಎಂಬುದು ಅವರಿಬ್ಬರಿಗೂ ಹೊಸ ವಿಷಯವೇನಲ್ಲ. ಓದುವ ದಿನಗಳಲ್ಲೇ ಕಲಿತದ್ದು. ಆದರೆ ರೋಗದ ಇಲಿಗಳಲ್ಲಿ ಅವರು ಆ ಹಿಮ್ಮುಖ ಸಾಲನ್ನು ಒಮ್ಮೆಯೂ ಕಂಡಿರಲಿಲ್ಲ. ಮೊದಲು ಸಾಯುವುದೇ ಅದು ಎಂದು ನಂಬಿಕೊಂಡು, ಕುಂಚಿಗೆಗೆ ಮುಮ್ಮುಖ ಸಾಲನ್ನಷ್ಟೇ ಕಲಿಸಿದ್ದರು.

"ಕಾಣೋದು ಹೇಗೆ? ಅದು ಬರೋ ಹೊತ್ತಿಗೆ ನನ್ನ ಕೈ ಬರತ್ತೆ. ನಾವು ಎತ್ತುವಾಗಿನ ದಾಖಲೆಯನ್ನ ಏನ್ ಮಾಡ್ತೀವಿ?"

"ಕೈ ತಾಕಿದ ಗದ್ದಲ ಅಂತ ಕಂಪ್ಯೂಟರ್ ತಾನ ಕತ್ತರಿಸಿ ಒಗೀತೈತಿ" ಎಂದ ಫಿರೋಜ್. ಎಂದವನೇ ಕುರ್ಚಿ ಎಳೆದುಕೊಂಡು ಕೂತ. "ಒಗದದ್ದೆಲ್ಲಾ ಕಸದ ಬುಟ್ಟ್ಯಾಗ ಇರತೈತ್ರಿ. ತಡೀರಿ."

ಕತ್ತರಿಸಿ ಬಿಸಾಡಿದ್ದ ಚೂರುಗಳನ್ನು ಅವರು ಒಂದೊಂದಾಗಿ ತೆರೆದರು. ಹೆಚ್ಚಿನವು ನಿಜಕ್ಕೂ ಗದ್ದಲವೇ. ಆದರೆ ಕೆಲವು ಇಲಿಗಳಲ್ಲಿ, ಕೈ ತಾಕುವ ತುಸು ಮೊದಲು, ಗುರಿಯ ಕೋಶ ಮಿನುಗಿ, ಅದರ ಹಿಂದಿನದು ಮಿನುಗಿ, ಅದರ ಹಿಂದಿನದೂ ಮಿನುಗಿ, ಆಮೇಲೆ ಎಲ್ಲ ಕಲಕಿಹೋಗಿತ್ತು. ಸಾಲು ಸತ್ತಿರಲಿಲ್ಲ. ಹೊಳ್ಳಿ ಬರಲು ಹೊರಟಿತ್ತು, ಪ್ರತಿ ಸಲವೂ.

ಫಿರೋಜ್ ಗೌಡ್ರ ಪಂಜರದ ಕಡೆ ತಿರುಗಿದ. "ಅಲ್ರೀ, ಇಷ್ಟ ದಿನ ಗೌಡ್ರನ್ನ ಊಟದ ಮುಂದಿಂದ ಎಬ್ಬಿಸಿ ಕಳಸೇವಲ್ರಿ" ಎಂದ.

ಹೊಸ ಪ್ರಯೋಗಕ್ಕೆ ಹೊಸ ನಿಯಮ ಬಂತು. ಗುರಿ ಮುಟ್ಟಿದ ಇಲಿಯನ್ನು ಯಾರೂ ಎತ್ತಬಾರದು. ತಿನ್ನಲಿ, ಮೀಸೆ ತೀಡಲಿ, ಸಾಕೆನಿಸಿದಾಗ ತಾನೇ ಪಂಜರಕ್ಕೆ ಹೋಗಲಿ. ವಾಸನೆ ಉಳಿಯದಂತೆ ನೆಲಕ್ಕೆ ಪ್ರತಿ ಸಲ ಹೊಸ ಹಾಳೆ. ಫಿರೋಜ್ ಕುಂಚಿಗೆಯ ಪ್ರೋಗ್ರಾಮನ್ನು ತಿರುಗಿಸಿ ಬರೆದ. ಮುಂದೆ ಹೋಗುವಾಗ ಸಾಧನ ಸುಮ್ಮನಿರಬೇಕು, ತಪ್ಪಿದರೆ ಇಲಿ ತಪ್ಪಲಿ, ತಡವರಿಸುತ್ತಲೇ ಗುರಿ ಮುಟ್ಟಲಿ. ಗುರಿ ಮುಟ್ಟಿ ನಿಂತಾಗ ಹಿಮ್ಮುಖ ಸಾಲು ಹೊರಟು ಎಲ್ಲಿ ತೊಡರಿದರೆ ಅಲ್ಲಿ ಮಾತ್ರ ತಟ್ಟಬೇಕು. ಈ ಹೊಸ ಕ್ರಮವನ್ನು ಶುರುಮಾಡುವ ಗುಂಡಿಗೆ ಅವನಿಟ್ಟ ಹೆಸರು 'ಹೊಳ್ಳಿ'. ಬೆಂಗಳೂರಿನಿಂದ ತಪಾಸಣೆಗೆ ಬಂದ ವಿಜ್ಞಾನಿಯೊಬ್ಬರು "ಏನ್ರೀ ಇದು, ಹೋಳಿಗೆ ಬಟನ್ನಾ?" ಎಂದು ಕೇಳಿದರು.

ಕೆಲಸ ಸಾವಕಾಶವಾಗಿ ಸಾಗಿತು. ಎತ್ತಿ ಹಾಕುವಾಗ ಬೇಗ ಮುಗಿಯುತ್ತಿದ್ದ ಸರದಿ ಈಗ ಬೆಳಗಿನಿಂದ ಸಂಜೆಯವರೆಗೆ ಎಳೆಯಿತು. ನೀಲಾ ಮನೆಗೆ ಬಂದಾಗಲೂ ಅದೇ ಕಾಯುವಿಕೆ. ಅತ್ತೆಯ ಮಾತು ನಡುವೆ ನಿಂತರೆ ಅವಳು ಇಷ್ಟು ದಿನ ತಾನೇ ಮುಗಿಸಿಬಿಡುತ್ತಿದ್ದಳು. ಕೈಯಲ್ಲಿನ ಲೋಟ ತೆಗೆದಿಡುತ್ತಿದ್ದಳು, ಸೆರಗು ಸರಿಮಾಡುತ್ತಿದ್ದಳು, ಚಪ್ಪಲಿ ತಂದು ಕಾಲಿಗೇ ಹಾಕುತ್ತಿದ್ದಳು. ಈಗ ಬಾಯಿ ಬಿಗಿಹಿಡಿದು ಕೂರುವುದನ್ನು ಕಲಿತಳು. ಪೇಟೆಗೆ ಹೋಗಿ ಬಂದ ಮೇಲೆ ಕಟ್ಟೆಯ ಮೇಲೆ ಕೂತು "ಈಗೆಲ್ಲಿಂದ ಬಂದ್ವಿ ಅತ್ತೆ? ಅದಕ್ಕೆ ಮುಂಚೆ?" ಎಂದು ಹಿಂದಕ್ಕೆ ಹಿಂದಕ್ಕೆ ಕೇಳುವಳು. ರಾಚವ್ವ ಒಮ್ಮೊಮ್ಮೆ ಹಣ್ಣಿನ ಅಂಗಡಿಯವರೆಗೆ ಹೋಗುವರು, ಒಮ್ಮೊಮ್ಮೆ ಬೀದಿ ತಿರುವಿನಲ್ಲೇ ನಿಲ್ಲುವರು. ಒಮ್ಮೆ "ಪೊಲೀಸ್ರಗತೆ ಏನ ಕೇಳಾಕತ್ತಿ?" ಎಂದು ಸಿಟ್ಟಾಗಿ ಒಳಗೆ ಹೋದರು. ಇದರಿಂದ ಗುಣವಾಗುತ್ತದೆಂಬ ಭ್ರಮೆ ನೀಲಾಳಿಗೆ ಇರಲಿಲ್ಲ. ಗಂಟು ಹಾಕದೆ ಇರಬೇಕು, ಅಷ್ಟೇ.

ಶ್ರಾವಣ ಕಳೆಯಿತು. ಕುಂಚಿಗೆ ತೆಗೆದಿಟ್ಟು ಇಲಿಗಳನ್ನು ಪರೀಕ್ಷಿಸುವ ದಿನ ಬಂತು. ಗೌಡ್ರು ಗತ್ತಿನಿಂದ ಹೊರಟು ಮೂರನೆಯ ತಿರುವಿಗೆ ಬಂದು ನಿಂತರು. ಅತ್ತ ಮೂಸಿದರು, ಇತ್ತ ಮೂಸಿದರು. ನೀಲಾ ಕಣ್ಣು ಮುಚ್ಚಿದಳು.

"ಕಣ್ಣ ತಗೀರಿ ಮೇಡಂ" ಎಂದ ಫಿರೋಜ್. "ಗೌಡ್ರು ಊಟಕ್ಕ ಕುಂತಾರ."

ಎಲ್ಲ ಇಲಿಗಳೂ ಗೌಡ್ರ ಹಾಗೆ ಮಾಡಲಿಲ್ಲ. ರೋಗ ಬಹಳ ಮುಂದುವರಿದ ಮುದಿ ಇಲಿಗಳು ಗೋಡೆಗೆ ಒತ್ತಿಕೊಂಡೇ ಕೂತವು. ಆದರೆ ಉಳಿದವುಗಳಲ್ಲಿ ಅರ್ಧಕ್ಕೂ ಹೆಚ್ಚು ತಾವಾಗಿಯೇ ದಾರಿ ಕಂಡುಕೊಂಡವು, ವಾರ ಬಿಟ್ಟು ಕೇಳಿದರೂ ಮರೆಯಲಿಲ್ಲ. ಎಳೆನೋಟದ ನಕ್ಷೆಯಲ್ಲಿ ಖಾಲಿ ಬಿಟ್ಟಿದ್ದ ಜಾಗಗಳು ತುಂಬಿಕೊಂಡು ಗೆರೆ ಗೆರೆಯಾಗಿದ್ದವು. ಇನ್ನೊಂದು ಸಂಗತಿಯೂ ನಡೆಯಿತು. ಚಿಕಿತ್ಸೆಗೂ ಬಹಳ ಮುಂಚೆ ಕಲಿತು ಮರೆತುಬಿಟ್ಟಿದ್ದ ಹಳೆಯ ದಾರಿಯೊಂದರಲ್ಲಿ ಗೌಡ್ರನ್ನು ಸುಮ್ಮನೆ ಬಿಟ್ಟು ನೋಡಿದರೆ, ಅವರು ನೆಟ್ಟಗೆ ಹೋಗಿ ಹಳೆಯ ಗುರಿಯ ಜಾಗದಲ್ಲಿ ಕೂತು ಸಕ್ಕರೆ ನೀರಿಗಾಗಿ ಸುತ್ತಮುತ್ತ ಹುಡುಕಿದರು.

"ಇದನ್ನ ವರದಿಯಲ್ಲಿ ಸೇರಿಸೋದು ಬೇಡ" ಎಂದಳು ನೀಲಾ. "ಒಂದೇ ಇಲಿ. ಆಕಸ್ಮಿಕ ಇರಬಹುದು."

"ಬರೀಬ್ಯಾಡ್ರಿ" ಎಂದ ಫಿರೋಜ್. "ಮರೀನೂ ಬ್ಯಾಡ್ರಿ."

ಸಮಿತಿ ಒಪ್ಪಿತು. ಮನುಷ್ಯರ ಪರೀಕ್ಷೆ ನಡೆಸುವುದು ಆಸ್ಪತ್ರೆಯ ಬೇರೆ ತಂಡ. ಪಟ್ಟಿಯಲ್ಲಿ ಅವಳ ಮನೆಯವರೊಬ್ಬರ ಹೆಸರಿದ್ದುದರಿಂದ ಆಯ್ಕೆಯ ಕೋಣೆಯೊಳಗೆ ನೀಲಾಳಿಗೆ ಪ್ರವೇಶವಿರಲಿಲ್ಲ. ರಾಚವ್ವನಿಗೆ ಮತ್ತೆ ಎಳೆನೋಟ ಮಾಡಿಸಿದ ದಿನ ಅವಳೂ ಸಂಗಮೇಶನೂ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಬಾಗಿಲು ತೆರೆಯಿತು. ರಾಚವ್ವ ಚೀಟಿಯನ್ನು ಬೀಸಣಿಗೆಯಂತೆ ಬೀಸುತ್ತ ಬಂದರು.

"ಇನ್ನೂ ಅರಿಷಿಣ ಐತಿ ಅಂತ" ಎಂದರು. "ಸ್ವಲ್ಪ ಕುಂಕುಮ ಬಿದ್ದೈತಂತ. ಇರಲಿ, ಮುತ್ತೈದಿಗತೆ ಕಾಣತೈತಿ."

ಸಂಗಮೇಶ ತಾಯಿಯ ಕೈಯಿಂದ ಚೀಟಿ ತಗೊಂಡು ನೋಡಿ, ಮುಖ ತಿರುಗಿಸಿ ಕರವಸ್ತ್ರ ಹುಡುಕಿದ.

ಮೊದಲ ದಿನ ದೊಡ್ಡ ಕುಂಚಿಗೆಯನ್ನು ತಲೆಗೆ ತೊಡಿಸುವಾಗ ರಾಚವ್ವ ನರ್ಸ್ ಹುಡುಗಿಯಿಂದ ಕನ್ನಡಿ ತರಿಸಿದರು. "ಮುದುಕಿಗೆ ಕುಂಚಿಗಿ! ಹಾಕೂದ ಹಾಕ್ತೀರಿ, ಒಂದ ನವಿಲರ ತಗಿಬಾರದೇನ ಇದರ ಮ್ಯಾಲ? ಬರೇ ಬೋಳ ಐತಿ." ದಿನವೂ ಅವರನ್ನು ಆಸ್ಪತ್ರೆಯ ಅಂಗಳದಲ್ಲಿ ಒಂದು ಹೊಸ ದಾರಿಯಲ್ಲಿ ನಡೆಸಿ, ಕೊನೆಯಲ್ಲಿ ಬೆಲ್ಲದ ಚಹಾ ಕೊಟ್ಟು ಕೂರಿಸುತ್ತಿದ್ದರು. ಯಾರೂ ಏಳಿರಿ ಎನ್ನುತ್ತಿರಲಿಲ್ಲ. ಚಹಾ ಆರುವವರೆಗೆ ಅವರು ಕೂತಿರುವರು, ಕುಂಚಿಗೆ ತನ್ನ ಕೆಲಸ ಮಾಡುವುದು.

ಮೊದಲ ತಿಂಗಳು ಏನೂ ಕಾಣಲಿಲ್ಲ. ಆಮೇಲೊಂದು ದಿನ "ಯಾವ ಓಣ್ಯಾಕಿ ನೀ?" ಎಂಬ ಪ್ರಶ್ನೆ ಬರಲಿಲ್ಲ. ಮರುದಿನ ಬಂತು. ಮತ್ತೆ ಎಷ್ಟೋ ದಿನ ಬರಲಿಲ್ಲ. ನೀಲಾ ಆಸೆಗೆ ಕಡಿವಾಣ ಹಾಕಿಕೊಂಡೇ ಇದ್ದಳು. ಮನೆಯವರ ಕಣ್ಣಿಗೆ ತಾವು ಕಾಣಬೇಕೆಂದದ್ದೇ ಕಾಣುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಕಾರ್ತಿಕದ ಕೊನೆಯ ಭಾನುವಾರ. ಎದುರುಮನೆಯ ಕೂಸು ಪಡಸಾಲೆಯಲ್ಲಿ ಓಡಾಡುತ್ತಿತ್ತು, ಅದರ ತಾಯಿ ಬಾಗಿಲಲ್ಲಿ ನಿಂತಿದ್ದಳು. ರಾಚವ್ವ ಕಪ್ಪು ಬಟ್ಟೆಯನ್ನು ತೊಡೆಯ ಮೇಲೆ ಹರಡಿಕೊಂಡು, ಸೂಜಿಯ ತುದಿಯಿಂದ ಹಳೆಯ ಗಂಟುಗಳನ್ನು ಒಂದೊಂದಾಗಿ ಬಿಡಿಸಿ, ಹೊಸ ಎಳೆ ಹಿಡಿದು ಚುಕ್ಕೆಗಳ ನಡುವಿನ ಖಾಲಿ ಮನೆಗಳನ್ನು ತುಂಬುತ್ತ ಹಿಂದಕ್ಕೆ ಬರುತ್ತಿದ್ದರು. ಚುಕ್ಕೆಗಳೆಲ್ಲ ಕೂಡಿ ನವಿಲಿನ ಕೊರಳಾಗಿತ್ತು, ಗರಿಯಾಗುತ್ತಿತ್ತು.

"ಎಷ್ಟ ಚಂದ ಬಂದೈತ್ರಿ ಟೀಚರ್" ಎಂದು ಬಗ್ಗಿ ಮುಟ್ಟಿದಳು ಎದುರುಮನೆಯವಳು. "ಇಲ್ಲೊಂದ ಗಂಟ ಹಂಗ ಉಳದೈತಲ್ರಿ? ನೀವ ಹಾಕಿದ್ದೇನ?"

ಅಡಿಗೆಮನೆಯಿಂದ ಚಹಾ ತರುತ್ತಿದ್ದ ನೀಲಾ ಹೊಸ್ತಿಲಲ್ಲೇ ನಿಂತಳು. ಈಗ ತಾನು 'ನಾನೇ' ಎನ್ನಬೇಕು, ಅತ್ತೆ 'ಹೌದೇನ್ರಿ' ಎನ್ನುತ್ತಾರೆ. ಬಾಯಿಗೆ ಬಂದ ಮಾತನ್ನು ಅವಳು ತಡೆದುಕೊಂಡಳು.

ರಾಚವ್ವ ಕನ್ನಡಕವನ್ನು ಮೂಗಿನ ಮೇಲೆ ಸರಿಸಿ ಆ ಗಂಟನ್ನು ನೋಡಿದರು. ಸೂಜಿ ನಿಂತಿತ್ತು. ಕೂಸು ಅವರ ಮೊಣಕಾಲು ಹಿಡಿದು ನಿಂತುಕೊಂಡಿತು.

"ನಾನ್ಯಾಕ ಹಾಕಲಿ?" ಎಂದರು ರಾಚವ್ವ. "ನಮ್ಮ ಸೊಸಿ ಹಾಕಿದ್ದು. ಆ ಐತವಾರ ನಾ ಉಂಡ ಮಲಕೊಂಡಿದ್ನಿ, ಎದ್ದ ನೋಡತೀನಿ, ಎಲ್ಲಾದಕ್ಕೂ ಗಂಟ ಹಾಕಿ, ಎಳಿ ಕಡದ, ಮಡಚಿ ಇಟ್ಟಾಳ! ಮ್ಯಾಲ ನನಗ ಏನ ಹೇಳ್ತಾಳ, ನೀವೆಲ್ಲಿಗೂ ಹೋಗಿಲ್ಲ ಅತ್ತೆ, ಮನೇಲೇ ಇದೀರಿ ಅಂತ. ಮೈಸೂರ ಕಡ್ಯಾಕಿ. ಉಳದದ್ದೆಲ್ಲಾ ಬಿಚ್ಚೇನಿ, ಇದೊಂದ ಬೇಕಂತನ ಇಟ್ಟೇನಿ, ಯಾರರ ಕೇಳಿದ್ರ ತೋರಸಾಕ ಬೇಕಲ್ಲ."

ಎದುರುಮನೆಯವಳು ನಕ್ಕಳು. ನೀಲಾ ಚಹಾದ ತಟ್ಟೆಯನ್ನು ಕೆಳಗಿಟ್ಟಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಯಾಕ ಅಳ್ತೀ?" ಎಂದು ರಾಚವ್ವ ಕನ್ನಡಕದ ಮೇಲಿಂದ ನೋಡಿದರು. "ನಾನೇನ ಸುಳ್ಳ ಹೇಳಿದ್ನೇನ?"

"ಇಲ್ಲ ಅತ್ತೆ" ಎಂದಳು ನೀಲಾ. "ಇನ್ನೂ ಬೈಯಿರಿ."

"ಬೈತೀನಿ ತಡಿ, ಈ ಸಾಲ ಮುಗೀಲಿ" ಎಂದು ರಾಚವ್ವ ಸೂಜಿಯನ್ನು ಮುಂದಿನ ಖಾಲಿ ಮನೆಗೆ ಇಳಿಸಿದರು.